ಬೇರೆಯವರ ಕ್ಲೇಮ್ ಇರುವ ಸರ್ಕಾರಿ ಕಾಡಿನಲ್ಲಿ ಚಿನ್ನ ತೊಳೆಯಬಹುದೇ?

ಓದುಗರ ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಸಿಯೆರಾ ಬೆಟ್ಟದ ಹೊಳೆಯೊಂದರಲ್ಲಿ ಪ್ಯಾನ್ ಹಿಡಿದು ಚಿನ್ನ ತೊಳೆಯುವ ಆಸೆ. ಜಾಗ ನ್ಯಾಷನಲ್ ಫಾರೆಸ್ಟಿನದು. ಆದರೆ ಅಲ್ಲಿ ಈಗಾಗಲೇ ಯಾರದೋ ಮೈನಿಂಗ್ ಕ್ಲೇಮ್ (ಖನಿಜ ತೆಗೆಯುವ ಹಕ್ಕು) ಇದೆಯಂತೆ. ಸರ್ಕಾರಿ ಜಾಗ ತಾನೇ? ಯಾರೂ ಕೆಲಸ ಮಾಡುತ್ತಿರುವ ಹಾಗೂ ಕಾಣುವುದಿಲ್ಲ. ಹೋದರೆ ತಪ್ಪೇ?

ಉತ್ತರ: ಹೋಗುವುದು ತಪ್ಪಲ್ಲ, ತೊಳೆಯುವುದು ತಪ್ಪು. ಹೊಳೆಯ ದಡದಲ್ಲಿ ಓಡಾಡಿ, ಬುತ್ತಿ ಬಿಚ್ಚಿ ಊಟ ಮಾಡಿ, ಪರವಾನಗಿ ಇದ್ದರೆ ಮೀನು ಹಿಡಿಯಿರಿ. ಕ್ಲೇಮ್‌ದಾರರ ಒಪ್ಪಿಗೆ ಇಲ್ಲದೆ ಒಂದು ಪ್ಯಾನ್ ಮಣ್ಣು ತೊಳೆದರೂ, ಗಟ್ಟಿ ಹುಡುಕಲು ಮೆಟಲ್ ಡಿಟೆಕ್ಟರ್ ಆಡಿಸಿದರೂ ಅದು ಅತಿಕ್ರಮ. ಸಿಕ್ಕ ಚಿನ್ನ ಕಾಳಿನಷ್ಟೇ ಇದ್ದರೂ ನಿಮ್ಮದಲ್ಲ.

ನಮ್ಮ ಕಡೆಯ ಲೆಕ್ಕ ತಲೆಯಲ್ಲಿದ್ದರೆ ಇದು ವಿಚಿತ್ರವೆನಿಸುತ್ತದೆ. ಭಾರತದಲ್ಲಿ ಖನಿಜ ಹುಡುಕಬೇಕಾದರೆ ಮೊದಲು ಸರ್ಕಾರದ ಲೈಸೆನ್ಸ್ ಕೈಗೆ ಬರಬೇಕು. ಅಮೆರಿಕದ 1872ರ ಗಣಿ ಕಾನೂನು ತಿರುಗಾಮುರುಗಾ. ಮುಕ್ತವಾಗಿರುವ ಫೆಡರಲ್ ಜಮೀನಿಗೆ ಯಾರನ್ನೂ ಕೇಳದೆ ಹೋಗಿ, ಖನಿಜ ಕಂಡುಹಿಡಿದು, ಗಡಿ ಗುರುತು ನೆಟ್ಟು, ದಾಖಲೆ ಮಾಡಿಸಿದವನಿಗೆ ಅಲ್ಲಿನ ಖನಿಜದ ಹಕ್ಕು ಸೇರುತ್ತದೆ. ನೆಲ ಮಾತ್ರ ಸರ್ಕಾರದ್ದಾಗಿಯೇ ಉಳಿಯುತ್ತದೆ. 1955ರ ಜುಲೈ 23ರ ಕಾನೂನು ಈ ಎರಡನ್ನೂ ಇನ್ನಷ್ಟು ಸ್ಪಷ್ಟವಾಗಿ ಬೇರ್ಪಡಿಸಿತು: ಆಮೇಲೆ ಹಾಕಿದ ಕ್ಲೇಮುಗಳ ಮೇಲ್ಮೈಯನ್ನು, ಗಣಿ ಕೆಲಸಕ್ಕೆ ಅಡ್ಡಿಯಾಗದಂತೆ, ಸಾರ್ವಜನಿಕರು ಬಳಸಬಹುದು. ಹಾಗಾಗಿ ಕ್ಲೇಮ್‌ದಾರ ಗೇಟು ಹಾಕಿ ನಿಮ್ಮನ್ನು ವಾಪಸ್ ಕಳಿಸುವಂತಿಲ್ಲ, ನೀವು ಅವನ ಜಲ್ಲಿಗೆ ಕೈ ಹಾಕುವಂತಿಲ್ಲ. "ನಮಗೆ ಚಿನ್ನ ಬೇಡ, ಬರೀ ಸ್ಫಟಿಕ ಆರಿಸುತ್ತೇವೆ" ಎಂಬ ಸಬೂಬೂ ನಡೆಯುವುದಿಲ್ಲ.

ಕ್ಲೇಮಿನಲ್ಲಿ ಮುಖ್ಯವಾಗಿ ಎರಡು ಜಾತಿ. ಹೊಳೆಯ ಮರಳು, ಜಲ್ಲಿಯಲ್ಲಿ ಬೆರೆತಿರುವ ಚಿನ್ನಕ್ಕೆ ಪ್ಲೇಸರ್ ಕ್ಲೇಮ್. ಕಪ್ಪತಗುಡ್ಡದ ಹಳ್ಳಗಳಲ್ಲಿ ನಮ್ಮ ಜಲಗಾರರು ತೊಳೆಯುತ್ತಿದ್ದುದು ಇಂಥದ್ದೇ ಚಿನ್ನ. ಒಬ್ಬರಿಗೆ 20 ಎಕರೆ, ಎಂಟು ಜನ ಕೂಡಿದರೆ 160 ಎಕರೆವರೆಗೆ. ಬಂಡೆಯೊಳಗಿನ ಅದಿರಿನ ಎಳೆಗೆ ಲೋಡ್ ಕ್ಲೇಮ್ (ಲಾರಿ ಲೋಡ್ ಅಲ್ಲ), ಹೆಚ್ಚೆಂದರೆ 1,500 ಅಡಿ ಉದ್ದ, 600 ಅಡಿ ಅಗಲ. ಇಲ್ಲೊಂದು ಜಾಣತನ ಹಲವರಿಗೆ ಹೊಳೆಯುತ್ತದೆ: ಅವನದು ಪ್ಲೇಸರ್, ಹಾಗಾದರೆ ಬಂಡೆಯ ಎಳೆ ಹುಡುಕಲು ನಾನು ಹೋಗಬಹುದಲ್ಲ? 1904ರಲ್ಲೇ ಕ್ಲಿಪ್ಪರ್ ಮತ್ತು ಈಲೈ ಕಂಪನಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಾಗಿದೆ. ಪ್ಲೇಸರ್ ಕ್ಲೇಮಿನೊಳಗೆ ಒಪ್ಪಿಗೆಯಿಲ್ಲದೆ ಎಳೆ ಹುಡುಕಲು ನುಗ್ಗಿದವನು ಅತಿಕ್ರಮಿ, ಅತಿಕ್ರಮದಿಂದ ಹಕ್ಕು ಹುಟ್ಟುವುದಿಲ್ಲ.

ಇನ್ನು ಆ ಕ್ಲೇಮ್ ನಿಜವಾಗಿಯೂ ಇದೆಯೇ, ಎಲ್ಲಿಂದ ಎಲ್ಲಿಯವರೆಗೆ ಎಂದು ನೋಡುವುದು. ಜನ ಎಡವುವುದು ಇಲ್ಲೇ. ಫೆಡರಲ್ ಭೂ ಇಲಾಖೆ ಬಿಎಲ್‌ಎಂನ ಎಂಎಲ್‌ಆರ್‌ಎಸ್ ಎಂಬ ಆನ್‌ಲೈನ್ ದಾಖಲೆಯಲ್ಲಿ ಎಲ್ಲರೂ ಉಚಿತವಾಗಿ ಹುಡುಕಬಹುದು. ಜಾಗ ನ್ಯಾಷನಲ್ ಫಾರೆಸ್ಟಿನದಾದರೂ ಕ್ಲೇಮಿನ ದಾಖಲೆ ಬಿಎಲ್‌ಎಂ ಬಳಿಯೇ ಇರುತ್ತದೆ. ಮೊದಲು ನಿಮ್ಮ ಜಾಗದ ಟೌನ್‌ಶಿಪ್, ರೇಂಜ್, ಸೆಕ್ಷನ್ ಗುರುತಿಸಿಕೊಳ್ಳಿ; ಸರ್ವೆಯಲ್ಲಿ ನೆಲದ ವಿಳಾಸ ಹೇಳುವುದೇ ಇವುಗಳಿಂದ. ಉತ್ತರ ಕ್ಯಾಲಿಫೋರ್ನಿಯಾದ ಬಹುಪಾಲಿಗೆ ಮೌಂಟ್ ಡಯಾಬ್ಲೊ ಮೆರಿಡಿಯನ್ ಎಂಬ ಸರ್ವೆ ರೇಖೆಯೇ ಈ ಎಣಿಕೆಗೆ ಆಧಾರ. ಟೌನ್‌ಶಿಪ್ ಎಂದರೆ ಆರು ಮೈಲಿಗೆ ಆರು ಮೈಲಿಯ ಚೌಕ, ಅದರಲ್ಲಿ 36 ಸೆಕ್ಷನ್, ಒಂದೊಂದು 640 ಎಕರೆ. ಕಾಗದದಲ್ಲಿ 'ಡಬ್ಲ್ಯೂ ಅರ್ಧ, ಎನ್‌ಇ ಕಾಲು, ಎಸ್‌ಇ ಕಾಲು' ಎಂದಿದ್ದರೆ ಬಲದಿಂದ ಎಡಕ್ಕೆ ಓದಿ: ಸೆಕ್ಷನ್ನಿನ ಆಗ್ನೇಯ ಕಾಲು ಭಾಗ 160 ಎಕರೆ, ಅದರ ಈಶಾನ್ಯ ಕಾಲು 40, ಅದರ ಪಶ್ಚಿಮಾರ್ಧ 20. ಎಡದಿಂದ ಓದಲು ಹೊರಟವರು ಬೇರೆಯದೇ ಹೊಳೆಯ ದಡಕ್ಕೆ ಹೋಗಿ ನಿಲ್ಲುತ್ತಾರೆ.

ಎಂಎಲ್‌ಆರ್‌ಎಸ್ ನಕ್ಷೆ ತೋರಿಸುವುದು ಯಾವ ಕಾಲು ಸೆಕ್ಷನ್ನಿನಲ್ಲಿ ಕ್ಲೇಮ್ ಇದೆ ಎಂಬುದನ್ನಷ್ಟೇ. 160 ಎಕರೆಗೆ ಬಣ್ಣ ಬಳಿದಿದ್ದರೂ ಕ್ಲೇಮ್ 20 ಎಕರೆಯದಿರಬಹುದು. ನಿಖರವಾದ ಗಡಿ ಬೇಕಾದರೆ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿರುವ ಲೊಕೇಶನ್ ನೋಟಿಸ್ ಮತ್ತು ನಕ್ಷೆಯ ಪ್ರತಿ ತೆಗೆಸಬೇಕು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಿದ್ದ ಹಾಗೆ ಅದು. ಆ ಪ್ರತಿ ಹಿಡಿದು ಸ್ಥಳದಲ್ಲಿ ಮೂಲೆಗಳ ಗುರುತು ಹುಡುಕಿ: ಕಲ್ಲಿನ ರಾಶಿ, ಮರದ ಗೂಟ, ಡಬ್ಬಿಯೊಳಗೆ ಮಡಿಸಿಟ್ಟ ನೋಟಿಸ್. ಗೂಟ ಕಾಣದಿದ್ದರೆ ಜಾಗ ಖಾಲಿ ಎಂದುಕೊಳ್ಳಬೇಡಿ. ಹಿಮ, ಪ್ರವಾಹ, ಕಾಳ್ಗಿಚ್ಚು ಎಲ್ಲವೂ ಗೂಟ ಕೀಳುತ್ತವೆ. ನೆವಾಡಾದಲ್ಲಂತೂ ಗಡಿ ಗುರುತಿಗೆ ನೆಟ್ಟ, ಬಾಯಿ ಮುಚ್ಚದ ಟೊಳ್ಳು ಪಿವಿಸಿ ಪೈಪುಗಳನ್ನು ಯಾರು ಬೇಕಾದರೂ ಕಿತ್ತು ಮಲಗಿಸಲು 2011ರ ನವೆಂಬರಿನಿಂದ ಕಾನೂನೇ ಅವಕಾಶ ಕೊಟ್ಟಿದೆ. ಏಕೆಂದರೆ ಗೂಡು ಹುಡುಕಿ ಅವುಗಳ ಒಳಗಿಳಿದ ಹಕ್ಕಿಗಳು ಮೇಲೆ ಬರಲಾರದೆ ಸಾಯುತ್ತಿದ್ದವು.

ದಾಖಲೆಯಲ್ಲಿ ಏನೂ ಕಾಣದಿದ್ದರೂ ನಿರಾಳವಾಗುವಂತಿಲ್ಲ. ಹೊಸದಾಗಿ ಕ್ಲೇಮ್ ಹಾಕಿದವರಿಗೆ ಅದನ್ನು ಬಿಎಲ್‌ಎಂನಲ್ಲಿ ದಾಖಲಿಸಲು 90 ದಿನ ಅವಕಾಶವಿದೆ. ನಿನ್ನೆ ಗೂಟ ನೆಟ್ಟವನ ಹಕ್ಕು ನಿನ್ನೆಯಿಂದಲೇ ಶುರು, ಕಂಪ್ಯೂಟರಿನಲ್ಲಿ ಅದು ಕಾಣುವುದು ತಿಂಗಳುಗಟ್ಟಲೆ ತಡವಾಗಬಹುದು. ವಾರ್ಷಿಕ ಶುಲ್ಕದ ಗಡುವು ಸೆಪ್ಟೆಂಬರ್ 1. 2024ರಿಂದ ಲೋಡ್ ಕ್ಲೇಮಿಗೆ 200 ಡಾಲರ್, ಪ್ಲೇಸರಿಗೆ ಪ್ರತಿ 20 ಎಕರೆಗೆ ಅಷ್ಟೇ. ಹತ್ತು ಅಥವಾ ಅದಕ್ಕಿಂತ ಕಡಿಮೆ ಕ್ಲೇಮ್ ಇರುವ ಸಣ್ಣವರು ವಿನಾಯಿತಿ ಕೇಳಬಹುದು, ಆದರೆ ಪ್ರತಿ ಕ್ಲೇಮಿನಲ್ಲಿ ವರ್ಷಕ್ಕೆ 100 ಡಾಲರ್ ಬೆಲೆಯ ಕೆಲಸ ಮಾಡಿ ಡಿಸೆಂಬರ್ 30ರೊಳಗೆ ಪ್ರಮಾಣಪತ್ರ ಸಲ್ಲಿಸಬೇಕು. ಹೀಗಾಗಿ ಸೆಪ್ಟೆಂಬರಿನಿಂದ ಜನವರಿಯವರೆಗೆ ದಾಖಲೆ ನೋಡುವವರು ಎರಡೆರಡು ಸಲ ನೋಡುವುದು ಒಳ್ಳೆಯದು.

ಗಡುವು ತಪ್ಪಿದರೆ ಕ್ಲೇಮ್ ಹೋಯಿತು, ದಯೆ ದಾಕ್ಷಿಣ್ಯ ಇಲ್ಲ. ನೆವಾಡಾದ ಲಾಕ್ ಕುಟುಂಬದ ಹತ್ತು ಕ್ಲೇಮುಗಳ ಕಥೆ ಗಣಿ ವಕೀಲರಿಗೆಲ್ಲ ಬಾಯಿಪಾಠ. ಆಗಿನ ಕಾನೂನು 'ಡಿಸೆಂಬರ್ 31ಕ್ಕೆ ಮುಂಚೆ' ಎಂದಿತ್ತು, ಅವರು 31ರಂದೇ ಕಾಗದ ಕೊಟ್ಟರು. ಒಂದು ದಿನದ ಆ ತಡದ ಆಧಾರದ ಮೇಲೆ ಕ್ಲೇಮ್ ರದ್ದಾಗುವ ಕಾನೂನನ್ನು 1985ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಹಳಬನ ಕ್ಲೇಮ್ ಇಂದಲ್ಲ ನಾಳೆ ಬೀಳುತ್ತದೆಂದು ಅದರ ಮೇಲೆಯೇ ಮೊದಲೇ ಗೂಟ ನೆಡುವವರಿದ್ದಾರೆ. ಬಿಎಲ್‌ಎಂ ಇಬ್ಬರ ಅರ್ಜಿಯನ್ನೂ ತೆಗೆದುಕೊಂಡು, ಇಬ್ಬರಿಂದಲೂ ಹಣ ಕಟ್ಟಿಸಿಕೊಂಡು ಸುಮ್ಮನಾಗುತ್ತದೆ; ಕ್ಲೇಮ್‌ದಾರರ ಜಗಳ ಬಿಡಿಸುವುದು ಅದರ ಕೆಲಸವಲ್ಲ, ಅದಕ್ಕೆ ಕೋರ್ಟಿಗೇ ಹೋಗಬೇಕು. ರಸೀದಿ ಇದೆಯೆಂದ ಮಾತ್ರಕ್ಕೆ ಹಕ್ಕು ಇದೆಯೆಂದಲ್ಲ. ಹಳೆಯ ಕ್ಲೇಮ್ ಜೀವಂತವಿದ್ದಾಗ ನೆಟ್ಟ ಗೂಟ ಹಳೆಯದು ಬಿದ್ದ ಮೇಲೆ ತಾನಾಗಿ ಜೀವ ಪಡೆಯುವುದಿಲ್ಲ ಎಂದು 1881ರ ಬೆಲ್ಕ್–ಮೀಗರ್ ತೀರ್ಪು ಹೇಳುತ್ತದೆ. ಮೊದಲಿಂದ ಮತ್ತೆ ಶುರು ಮಾಡಬೇಕು.

ನಿಮ್ಮಂಥವರಿಗೆ ಸುಲಭದ ದಾರಿ ಕ್ಲೇಮ್‌ದಾರರನ್ನೇ ಕೇಳುವುದು. ಹೆಸರು ದಾಖಲೆಯಲ್ಲಿರುತ್ತದೆ. ಒಂದು ಪುಟದ ಒಪ್ಪಿಗೆ ಪತ್ರ ಸಾಕು: ಕ್ಲೇಮಿನ ಹೆಸರು, ಬಿಎಲ್‌ಎಂ ಸೀರಿಯಲ್ ನಂಬರು, ತಾರೀಖು, ಬರುವವರ ಹೆಸರು, ಬಳಸುವ ಸಾಮಾನು, ಸಿಕ್ಕ ಚಿನ್ನ ಯಾರಿಗೆ. ಸಹಿ ಹಾಕಿದವರ ಹೆಸರು ದಾಖಲೆಯ ಹೆಸರಿಗೆ ತಾಳೆಯಾಗಬೇಕು. ಬಾಯಿಮಾತಿನ ಒಪ್ಪಿಗೆ ಫಾರೆಸ್ಟ್ ಅಧಿಕಾರಿ ಎದುರು ಬಂದಾಗ ಉಪಯೋಗಕ್ಕೆ ಬರುವುದಿಲ್ಲ. ಕ್ಲೇಮ್‌ದಾರ ಒಪ್ಪಿದ ಮಾತ್ರಕ್ಕೆ ಹೊಳೆಯ ತಳದ ಜಲ್ಲಿ ಹೀರುವ ಮೋಟಾರ್ ಡ್ರೆಜ್ ಇಳಿಸುವಂತೆಯೂ ಇಲ್ಲ, ಕ್ಯಾಲಿಫೋರ್ನಿಯಾ 2009ರಲ್ಲೇ ಅದನ್ನು ನಿಲ್ಲಿಸಿತು. ಪ್ಯಾನ್, ಸಣ್ಣ ಸಲಿಕೆಗೆ ನಿಲ್ಲಿಸಿಕೊಳ್ಳಿ.

ಅಷ್ಟೆಲ್ಲ ಓಡಾಟ ಬೇಡವೆಂದರೆ ಕ್ಲಬ್ ಸೇರಬಹುದು. ಗೋಲ್ಡ್ ಪ್ರಾಸ್ಪೆಕ್ಟರ್ಸ್ ಅಸೋಸಿಯೇಷನ್ ಆಫ್ ಅಮೆರಿಕದಂಥ ಸಂಘಗಳು ತಮ್ಮ ಕ್ಲೇಮುಗಳಲ್ಲಿ ಸದಸ್ಯರಿಗೆ ತೊಳೆಯಲು ಬಿಡುತ್ತವೆ. ಮಕ್ಕಳ ಜೊತೆ ಒಂದು ದಿನಕ್ಕಾದರೆ ಆಬರ್ನ್ ಸ್ಟೇಟ್ ರಿಕ್ರಿಯೇಷನ್ ಏರಿಯಾ ಇನ್ನೂ ಅನುಕೂಲ, ಅಲ್ಲಿ ಕೈ ಮತ್ತು ಪ್ಯಾನ್ ಮಾತ್ರ ಬಳಸಬಹುದು. ಉತ್ತರ ಕ್ಯಾಲಿಫೋರ್ನಿಯಾದ ವಿಸ್ಕಿಟೌನ್ ನ್ಯಾಷನಲ್ ರಿಕ್ರಿಯೇಷನ್ ಏರಿಯಾದಲ್ಲಿ ಪರ್ಮಿಟ್ ಪಡೆದು ತೊಳೆಯಬಹುದು.

ಕೊನೆಗೆ, ಇಂಟರ್ನೆಟ್ಟಿನಲ್ಲಿ "20 ಎಕರೆ ಚಿನ್ನದ ಕ್ಲೇಮ್ ಮಾರಾಟಕ್ಕಿದೆ" ಎಂಬ ಜಾಹೀರಾತು ಕಂಡರೆ. ಅದರ ಜೊತೆ ಸಾಮಾನ್ಯವಾಗಿ ಬರುವುದು ಕ್ವಿಟ್‌ಕ್ಲೇಮ್ ಪತ್ರ. 'ನನಗೆ ಏನಾದರೂ ಹಕ್ಕಿದ್ದರೆ ಅದು ನಿಮ್ಮದು' ಎನ್ನುವುದಷ್ಟೇ ಅದರ ಅರ್ಥ. ಮಾರುವವನ ಕ್ಲೇಮ್ ಕಳೆದ ಸೆಪ್ಟೆಂಬರಿನಲ್ಲೇ ಬಿದ್ದಿದ್ದರೆ ನಿಮಗೆ ಸಿಗುವುದು ಆ ಕಾಗದ ಮಾತ್ರ. ದುಡ್ಡು ಕೊಡುವ ಮೊದಲು ಸೀರಿಯಲ್ ನಂಬರು ಕೇಳಿ, ಈ ವರ್ಷದ ಶುಲ್ಕ ಕಟ್ಟಿದೆಯೇ ಎಂದು ಎಂಎಲ್‌ಆರ್‌ಎಸ್‌ನಲ್ಲಿ ನೀವೇ ನೋಡಿ.