‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’: ನಡುವಿನ ‘ದಟ್’ ಯಾರಿಗೆ ಸೇರಿದ್ದು?

‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ ಎಂಬ ಇಂಗ್ಲಿಷ್ ಗಾದೆಯ ಅರ್ಥ ನನಗೆ ಶಾಲೆಯ ದಿನಗಳಿಂದಲೂ ಗೊತ್ತಿತ್ತು. ‘ಕೊನೆ ಚೆನ್ನಾಗಿದ್ದರೆ ಎಲ್ಲವೂ ಚೆನ್ನ’ ಎಂದು ಬಾಯಿಪಾಠವೂ ಆಗಿತ್ತು. ಆದರೆ ಈಚೆಗೆ ಸಹೋದ್ಯೋಗಿಯೊಬ್ಬರಿಗೆ ಬರೆದ ಪತ್ರದಲ್ಲಿ ಅದನ್ನು ಮೊದಲ ಬಾರಿ ಬಳಸಲು ಹೋಗಿ, ‘ಆಲ್ ಈಸ್ ವೆಲ್ ದಟ್ ಇಟ್ ಎಂಡೆಡ್ ವೆಲ್’ ಎಂದು ಬರೆದೆ. ಕಳುಹಿಸುವ ಮೊದಲು ಓದಿ ನೋಡಿದ ಸ್ನೇಹಿತರು ‘ಇಟ್’ ಎಂಬ ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಇದು ಎಲ್ಲಿಂದ ಬಂತು?’ ಎಂದು ಬರೆದರು. ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಮಾಡಿಕೊಂಡ ಟಿಪ್ಪಣಿ ಇದು.

‘ದಟ್’ ಇಲ್ಲಿ ‘ಎಂದು’ ಅಲ್ಲ

‘ಐ ನೋ ದಟ್ ಇಟ್ ಎಂಡೆಡ್ ವೆಲ್’ ಎಂಬ ವಾಕ್ಯವನ್ನು ಗಮನಿಸಿ. ‘ಅದು ಚೆನ್ನಾಗಿ ಮುಗಿಯಿತು ಎಂದು ನನಗೆ ಗೊತ್ತು’ ಎಂಬುದು ಇದರ ಅರ್ಥ. ಇಲ್ಲಿ ‘ದಟ್’ ಪದವು ನಮ್ಮ ‘ಎಂದು’ವಿನಂತೆ ಎರಡು ವಾಕ್ಯಗಳನ್ನು ಬೆಸೆಯುವ ಕೆಲಸವನ್ನಷ್ಟೇ ಮಾಡುತ್ತದೆ, ಆದ್ದರಿಂದ ಮುಗಿದದ್ದು ಯಾವುದು ಎಂದು ತಿಳಿಸಲು ‘ಇಟ್’ ಎಂಬ ಬೇರೆ ಕರ್ತೃಪದ ಬೇಕಾಗುತ್ತದೆ. ನಾನು ಕಲಿತ ಮೊದಲ ‘ದಟ್’ ಇದೇ ಆಗಿದ್ದುದರಿಂದ, ಗಾದೆಯಲ್ಲಿಯೂ ಇದನ್ನೇ ಕಂಡೆ.

ಗಾದೆಯ ‘ದಟ್’ ಬೇರೆ. ಅದು ‘ಯಾವುದು’ ಎಂಬ ಅರ್ಥದ್ದು, ಮತ್ತು ‘ಎಂಡ್ಸ್’ ಎಂಬ ಕ್ರಿಯಾಪದಕ್ಕೆ ಅದೇ ಕರ್ತೃ. ಅದರ ಪಕ್ಕದಲ್ಲಿ ‘ಇಟ್’ ಸೇರಿಸಿದರೆ ಒಂದೇ ಕುರ್ಚಿಯಲ್ಲಿ ಇಬ್ಬರನ್ನು ಕೂರಿಸಿದಂತಾಗುತ್ತದೆ.

ಇಷ್ಟು ತಿಳಿದ ಮೇಲೂ ನನಗೆ ಇನ್ನೊಂದು ತೊಡಕು ಉಳಿದಿತ್ತು. ‘ಯಾವುದು’ ಎನ್ನುವುದಾದರೆ ಅದು ಯಾವ ಪದಕ್ಕೆ ಸೇರಿದ್ದು? ‘ದಟ್’ನ ಹಿಂದೆಯೇ ‘ವೆಲ್’ ಇರುವುದರಿಂದ ಕಣ್ಣು ಅದಕ್ಕೇ ಗಂಟು ಹಾಕುತ್ತದೆ, ಅರ್ಥ ಮಾತ್ರ ಕೂಡುವುದಿಲ್ಲ. ನಿಜವಾಗಿ ಅದು ವಾಕ್ಯದ ಮೊದಲಲ್ಲಿರುವ ‘ಆಲ್’ಗೆ ಸೇರಿದ್ದು. ಸಹಜ ಕ್ರಮದಲ್ಲಿ ಬರೆದರೆ ವಾಕ್ಯ ‘ಆಲ್ ದಟ್ ಎಂಡ್ಸ್ ವೆಲ್ ಈಸ್ ವೆಲ್’ ಎಂದಾಗುತ್ತದೆ. ಗಾದೆಯು ‘ಈಸ್ ವೆಲ್’ ಎಂಬ ತೀರ್ಪನ್ನು ಮೊದಲೇ ಹೇಳಿ, ‘ಆಲ್’ಗೆ ಅಂಟಿಕೊಂಡಿದ್ದ ಬಾಲವನ್ನು ವಾಕ್ಯದ ಕೊನೆಗೆ ಎಸೆದಿದೆ. ಕನ್ನಡದಲ್ಲಿ ‘ಚೆನ್ನಾಗಿ ಮುಗಿದದ್ದೆಲ್ಲ’ ಎಂದು ವಿಶೇಷಣವು ಯಾವಾಗಲೂ ಮುಂದೆಯೇ ಬಂದು ನಿಲ್ಲುವುದರಿಂದ, ಇಷ್ಟು ದೂರಕ್ಕೆ ಸರಿದ ಬಾಲವನ್ನು ಗುರುತಿಸುವ ಅಭ್ಯಾಸ ನಮಗಿಲ್ಲ.

ನನ್ನ ಉಪಾಯ ಇಷ್ಟೇ: ಬಾಲವನ್ನು ಹಿಡಿದು ಹಿಂದಕ್ಕೆ ಎಳೆದು ಮೊದಲ ಪದದ ಪಕ್ಕದಲ್ಲಿ ಇಟ್ಟು ಓದಬೇಕು. ‘ಹಿ ಲಾಫ್ಸ್ ಬೆಸ್ಟ್ ಹೂ ಲಾಫ್ಸ್ ಲಾಸ್ಟ್’ ಎಂಬ ಗಾದೆಯ ಮೇಲೆ ಇದನ್ನು ಪರೀಕ್ಷಿಸಿದೆ. ‘ಹೂ ಲಾಫ್ಸ್ ಲಾಸ್ಟ್’ ಎಂಬುದನ್ನು ಎಳೆದು ‘ಹಿ’ಯ ಪಕ್ಕಕ್ಕೆ ತಂದರೆ ‘ಹಿ ಹೂ ಲಾಫ್ಸ್ ಲಾಸ್ಟ್ ಲಾಫ್ಸ್ ಬೆಸ್ಟ್’ ಎಂದಾಗುತ್ತದೆ, ‘ಕೊನೆಗೆ ನಗುವವನೇ ಚೆನ್ನಾಗಿ ನಗುವವನು’ ಎಂಬ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ‘ಆಲ್ ದಟ್ ಗ್ಲಿಟರ್ಸ್ ಈಸ್ ನಾಟ್ ಗೋಲ್ಡ್’ ಎಂಬ ಗಾದೆ ನನ್ನನ್ನು ಎಂದೂ ಕಾಡಲಿಲ್ಲ; ಅಲ್ಲಿ ಬಾಲ ತನ್ನ ಜಾಗದಲ್ಲಿಯೇ ಇದೆ.

ಹಾಗಾದರೆ ‘ಇಟ್’ ಎಲ್ಲಿಂದ ಬಂತು? ಬಾಯಿಪಾಠ ಮಾಡಿದ ಕನ್ನಡ ಅನುವಾದದಿಂದಲೇ ಬಂತೆಂದು ನನಗೀಗ ಅನ್ನಿಸುತ್ತದೆ. ‘ಚೆನ್ನಾಗಿದ್ದರೆ’ ಎಂಬಲ್ಲಿನ ‘-ರೆ’ ಪ್ರತ್ಯಯ ಷರತ್ತನ್ನು ಸೂಚಿಸುತ್ತದೆ, ಅಂದರೆ ಅದು ಇಂಗ್ಲಿಷಿನ ‘ಇಫ್’. ‘ಇಫ್’ ಬಂದರೆ ಅದರ ಹಿಂದೆಯೇ ‘ಇಟ್ ಎಂಡ್ಸ್ ವೆಲ್’ ಎಂದು ಕರ್ತೃವೂ ಬರಲೇಬೇಕು. ನಾನು ಮನಸ್ಸಿನಲ್ಲಿ ‘ಇಫ್ ಇಟ್’ ಎಂದುಕೊಂಡು, ನೆನಪಿನಲ್ಲಿದ್ದ ‘ದಟ್’ ಅನ್ನು ‘ಇಫ್’ನ ಜಾಗಕ್ಕೆ ತೂರಿಸಿದ್ದೆ. ಅನುವಾದದ ಭಾವ ಸರಿಯೇ, ಆದರೆ ಅದು ಮೂಲದ ಕಟ್ಟಡವನ್ನು ಮರೆಮಾಡುತ್ತದೆ. ‘ಯಾವುದು ಚೆನ್ನಾಗಿ ಮುಗಿಯುತ್ತದೆಯೋ ಅದೆಲ್ಲ ಚೆನ್ನ’ ಎಂದು ಬರೆದಿಟ್ಟುಕೊಂಡರೆ, ಕೇಳಲು ಸ್ವಲ್ಪ ಒರಟಾದರೂ, ‘ಇಟ್’ ನುಸುಳಲು ಜಾಗವೇ ಇರುವುದಿಲ್ಲ.

ಚಿಕ್ಕಪುಟ್ಟ ಸಂಗತಿಗಳು

‘ಆಲ್ಸ್’ ಎಂಬುದು ‘ಆಲ್ ಈಸ್’ ಎಂಬುದರ ಕಿರಿದಾದ ರೂಪ, ಷಷ್ಠೀ ವಿಭಕ್ತಿಯಲ್ಲ. ವಸ್ತುವಿಷಯಗಳ ‘ಎಲ್ಲವೂ’ ಎಂಬ ಅರ್ಥದಲ್ಲಿ ‘ಆಲ್’ ಏಕವಚನವಾಗಿರುವುದರಿಂದ ‘ಎಂಡ್ಸ್’ ಎಂದೇ ಇರಬೇಕು. ಎರಡು ‘ವೆಲ್’ಗಳಲ್ಲಿ ಮೊದಲನೆಯದು ಗುಣವಾಚಕ, ಎರಡನೆಯದು ಕ್ರಿಯಾವಿಶೇಷಣ. ಘಟನೆ ನಡೆದುಹೋಗಿದ್ದರೂ ಗಾದೆಯನ್ನು ಭೂತಕಾಲಕ್ಕೆ ತಿರುಗಿಸುವ ರೂಢಿ ಇಲ್ಲ.

ಇದು ಶೇಕ್ಸ್‌ಪಿಯರ್ ಹುಟ್ಟಿಸಿದ ಮಾತೆಂದು ನಾನು ನಂಬಿದ್ದೆ. ಅವನ ಅದೇ ಹೆಸರಿನ ನಾಟಕ ಮೊದಲು ಅಚ್ಚಾದದ್ದು 1623ರಲ್ಲಿ. ಆದರೆ ಜಾನ್ ಹೇವುಡ್ 1546ರಲ್ಲಿ ಪ್ರಕಟಿಸಿದ ಗಾದೆಗಳ ಪುಸ್ತಕದಲ್ಲಿಯೇ ಈ ಮಾತಿದೆ.

ಯಾವಾಗ, ಯಾರು ಹೇಳಬೇಕು

ನಡುವೆ ಏನಾದರೂ ಕೆಟ್ಟಿರಬೇಕು, ಇಲ್ಲವಾದರೆ ಈ ಗಾದೆಗೆ ಕೆಲಸವಿಲ್ಲ. ರೈಲಿನಲ್ಲಿ ಮರೆತ ಚೀಲ ಸಂಜೆಯ ಹೊತ್ತಿಗೆ ಕೈಸೇರಿದರೆ ಹೇಳಬಹುದು. ಮೊದಲಿನಿಂದ ಕೊನೆಯವರೆಗೆ ಸುಸೂತ್ರವಾಗಿ ನಡೆದ ಸಭೆಯ ಬಗ್ಗೆ ಹೇಳಿದರೆ, ಕೇಳಿದವರು ‘ಏನಾಗಿತ್ತು?’ ಎಂದು ವಿಚಾರಿಸುತ್ತಾರೆ. ಅಂಥ ಕಡೆ, ಮುಕ್ತಾಯವೇ ಕಳೆಗಟ್ಟಿತು ಎನ್ನಲು ‘ಎಂಡ್ ಆನ್ ಎ ಹೈ ನೋಟ್’ ಎಂಬ ನುಡಿಗಟ್ಟು ಹೊಂದುತ್ತದೆ. ನಮ್ಮ ‘ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು’ ಎಂಬ ಮಾತು ಇದರ ನೆರೆಯದಾದರೂ ಒಂದೇ ಅಲ್ಲ: ನಮ್ಮದು ಕಷ್ಟ ಕರಗಿದ್ದನ್ನು ಹೇಳುತ್ತದೆ, ಇಂಗ್ಲಿಷಿನದು ಪಟ್ಟ ಕಷ್ಟವನ್ನು ಇನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎನ್ನುತ್ತದೆ.

ಹಾಗೆನ್ನುವ ಹಕ್ಕು ಕಷ್ಟಪಟ್ಟವರದು. ಇದು ನನಗೆ ಹೊಳೆದದ್ದು ವ್ಯಾಕರಣವೆಲ್ಲ ಸರಿಹೋದ ಮೇಲೆ. ಆ ಸಹೋದ್ಯೋಗಿಯ ಕಡತವನ್ನು ಅಳಿಸಿದವನು ನಾನು, ರಾತ್ರಿಯೆಲ್ಲ ಕುಳಿತು ಅದನ್ನು ಮತ್ತೆ ಸಿದ್ಧಪಡಿಸಿದವರು ಅವರು. ಆ ಪತ್ರದಲ್ಲಿ ಗಾದೆ ಎಷ್ಟೇ ಶುದ್ಧವಾಗಿದ್ದರೂ ನನ್ನ ತಪ್ಪನ್ನು ನಾನೇ ಮನ್ನಿಸಿಕೊಂಡಂತೆ ಓದಿಸಿಕೊಳ್ಳುತ್ತಿತ್ತು. ತಿದ್ದಿದ ವಾಕ್ಯವನ್ನು ಪೂರ್ತಿ ತೆಗೆದುಹಾಕಿ, ಆ ಜಾಗದಲ್ಲಿ ಕ್ಷಮೆ ಕೇಳುವ ಒಂದು ಸಾಲನ್ನು ಬರೆದು ಕಳುಹಿಸಿದೆ. ಮಾರನೆಯ ದಿನ ಅವರಿಂದ ಬಂದ ಉತ್ತರದಲ್ಲಿ ಇದ್ದದ್ದು ಐದೇ ಪದ, ‘ಇಟ್’ ಇಲ್ಲದ ಅದೇ ಗಾದೆ.