ದಾರ ಗಟ್ಟಿ ಇದ್ದರೆ ಸಾಲದು, ಗಂಟು ಜಾರಬಾರದು

ದಾರ ಗಟ್ಟಿ ಇದ್ದರೆ ಹೊಲಿಗೆಯೂ ಗಟ್ಟಿ ಎಂದು ಎಷ್ಟೋ ಜನ ನಂಬಿದ್ದಾರೆ. ಸಣ್ಣ ರಂಧ್ರದ ಮೂಲಕ ಕೊಳವೆ ತೂರಿಸಿ ಮಾಡುವ ಕೀಲಿನ ಆಪರೇಷನ್‌ನಲ್ಲಿ ಈ ನಂಬಿಕೆ ಕೈಕೊಡುತ್ತದೆ. ಭುಜದಲ್ಲಿ ಹರಿದ ಸ್ನಾಯುರಜ್ಜುವನ್ನು ಮೂಳೆಗೆ ಕಟ್ಟಲು ಈಗ ಹೆಚ್ಚಾಗಿ ಬಳಸುವುದು ಪಾಲಿಎಥಿಲೀನ್ ಎಳೆಗಳಿರುವ ಹೆಣೆದ ದಾರ. ಹಳೆಯ ಪಾಲಿಯೆಸ್ಟರ್ ದಾರಕ್ಕಿಂತ ಇದು ಬಹಳ ಗಟ್ಟಿ. ಆದರೆ ಜಾರುವುದೂ ಜಾಸ್ತಿ. ಗಂಟು ಸರಿಯಿಲ್ಲದಿದ್ದರೆ ದಾರ ತುಂಡಾಗುವ ಮೊದಲೇ ಗಂಟು ಬಿಚ್ಚಿಕೊಳ್ಳುತ್ತದೆ.

1918ರಲ್ಲಿ ಟೋಕಿಯೋದ ಕೆಂಜಿ ಟಕಾಗಿ, ಮೂತ್ರಕೋಶ ನೋಡುವ ಕೊಳವೆಯನ್ನು ಶವದ ಮಂಡಿಯೊಳಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವಟನಾಬೆ 1962ರಲ್ಲಿ ಅದೇ ದಾರಿಯಲ್ಲಿ ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿಯಾದ ಮೆನಿಸ್ಕಸ್‌ನ ಹರಿದ ಭಾಗವನ್ನು ಕತ್ತರಿಸಿ ತೆಗೆದರು. ಆದರೆ ಕತ್ತರಿಸುವುದು ಬೇರೆ, ಕಟ್ಟುವುದು ಬೇರೆ. ಬೆರಳು ಒಳಗೆ ಹೋಗುವುದಿಲ್ಲವಲ್ಲ! ಗಂಟನ್ನು ಹೊರಗೆ ಹಾಕಿ, ಕ್ಯಾನುಲಾ ಎಂಬ ಕೊಳವೆಯ ಮೂಲಕ ತುದಿಯಲ್ಲಿ ತೂತಿರುವ ನಾಟ್ ಪುಷರ್ ಎಂಬ ಕಡ್ಡಿಯಿಂದ ಒಳಗೆ ತಳ್ಳಬೇಕು.

ಹೊರಗೆ ಬಂದ ದಾರದ ಎರಡು ತುದಿಯ ಎಳೆಗಳಲ್ಲಿ ಬಿಗಿಯಾಗಿ ನೇರ ನಿಲ್ಲುವುದು ಪೋಸ್ಟ್. ಇನ್ನೊಂದು ಅದನ್ನು ಸುತ್ತುತ್ತದೆ. ಒಂದೇ ಪೋಸ್ಟ್ ಮೇಲೆ ಒಂದೇ ದಿಕ್ಕಿನಲ್ಲಿ ಸುಮ್ನೆ ಹಾಫ್ ಹಿಚ್ (ಒಂದೇ ಸುತ್ತಿನ ಅರ್ಧ ಗಂಟು) ಪೇರಿಸುತ್ತಾ ಹೋದರೆ ಪೋಸ್ಟ್ ನೇರವಾಗಿಯೇ ಉಳಿಯುತ್ತದೆ. ಆಗ ಇಡೀ ಪೇರಿಕೆ ಅದರ ಮೇಲೆ ಜಾರುತ್ತದೆ. ಪೋಸ್ಟ್ ಅದಲುಬದಲು ಮಾಡಿ, ದಿಕ್ಕೂ ತಿರುಗಿಸಿದರೆ ಎರಡೂ ಎಳೆ ಬಾಗಲೇಬೇಕು. ಗುಟ್ಟೆಲ್ಲ ಈ ಬಾಗಿನಲ್ಲಿದೆ.

ಬಂದರಿನಲ್ಲಿ ಹಗ್ಗವನ್ನು ಕಂಬಕ್ಕೆ ಸುತ್ತಿ ಒಬ್ಬನೇ ಹಡಗನ್ನು ಹಿಡಿದು ನಿಲ್ಲಿಸುತ್ತಾನೆ, ಅಲ್ವಾ? 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಇದರ ಲೆಕ್ಕ ಕೊಟ್ಟರು. ಘರ್ಷಣೆಯ ಗುಣಾಂಕ 0.2 ಇದ್ದರೆ ಒಂದು ಸುತ್ತಿಗೆ ಹಿಡಿತ ಸುಮಾರು 3.5 ಪಟ್ಟು, ಎರಡಕ್ಕೆ 12 ಪಟ್ಟು, ಮೂರಕ್ಕೆ 43 ಪಟ್ಟು! ಕೂಡುತ್ತಾ ಅಲ್ಲ, ಗುಣಿಸುತ್ತಾ ಏರುತ್ತದೆ. ಗಂಟಿನೊಳಗಿನ ಲೆಕ್ಕ ಇಷ್ಟು ಸರಳವಲ್ಲ, ಏಕೆಂದರೆ ಅಲ್ಲಿ ಕಂಬವೂ ದಾರವೇ. ಆದರೂ ಬಾಗು ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ ಎಂಬ ಮಾತು ಅಲ್ಲಿಗೂ ಸಲ್ಲುತ್ತದೆ.

ಅದಕ್ಕೇ ಸರ್ಜನ್‌ಗಳು ಮೊದಲು ಡಂಕನ್, ವೆಸ್ಟನ್‌ನಂಥ ಜಾರುವ ಗಂಟಿನಿಂದ ಕುಣಿಕೆಯನ್ನು ಬಿಗಿಯುತ್ತಾರೆ. ಆಮೇಲೆ ಪೋಸ್ಟ್ ಬದಲಿಸುತ್ತಾ ಕನಿಷ್ಠ ಮೂರು ಹಾಫ್ ಹಿಚ್ ಹಾಕುತ್ತಾರೆ. ಬದಲಿಸಲು ಪುಷರನ್ನು ಇನ್ನೊಂದು ಎಳೆಗೆ ಪೋಣಿಸಬೇಕೆಂದೂ ಇಲ್ಲ. ಪೋಸ್ಟ್ ಸಡಿಲಿಸಿ, ಸುತ್ತಿದ ಎಳೆಯನ್ನು ಎಳೆದರೆ ಹಾಫ್ ಹಿಚ್ ತಾನೇ ಮಗುಚುತ್ತದೆ. ಪೋಸ್ಟ್ ಆಗಿದ್ದ ಎಳೆ ಈಗ ಸುತ್ತುವ ಎಳೆ! ಕೊನೆಗೆ ಪುಷರಿನ ತುದಿಯನ್ನು ಗಂಟಿನಾಚೆಗೆ ದಾಟಿಸಿದರೆ ಎರಡು ಎಳೆಗಳೂ ಎದುರುಬದುರು ಜಗ್ಗಿ ಗಂಟು ಕೂರುತ್ತದೆ.

ಗಂಟು ಎಷ್ಟೇ ಚೆನ್ನಾಗಿದ್ದರೂ ಕುಣಿಕೆಯೇ ಸಡಿಲವಿದ್ದರೆ ಪ್ರಯೋಜನವಿಲ್ಲ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕುಣಿಕೆ 3 ಮಿಲಿಮೀಟರ್ ಹಿಗ್ಗಿದರೆ ಸಾಮಾನ್ಯವಾಗಿ ಸೋತಂತೆಯೇ ಲೆಕ್ಕ.

ದಾರವನ್ನು ಮೂಳೆಗೆ ಹಿಡಿದಿಡುವ ಸಣ್ಣ ಮೊಳೆಯಂಥ ಆ್ಯಂಕರ್‌ಗಳಲ್ಲಿ ಗಂಟೇ ಬೇಡದವೂ ಈಗ ಬಂದಿವೆ. ಗಂಟು ಹಾಕುವ ಆ್ಯಂಕರ್ ಆದರೆ, ಅದರ ಕಣ್ಣಿನಲ್ಲಿ ದಾರ ಸರಾಗವಾಗಿ ಓಡದಿದ್ದಾಗ ಜಾರುವ ಗಂಟು ಕೆಲಸಕ್ಕೆ ಬಾರದು. ಆಗ ರೇವೋದಂಥ ಜಾರದ ಗಂಟೇ ಗತಿ. ಆದ್ದರಿಂದ ಕಲಿಯುವವರು ಹತ್ತು ಬಗೆಯ ಗಂಟುಗಳ ಹಿಂದೆ ಬೀಳುವುದಕ್ಕಿಂತ, ಜಾರುವುದೊಂದು, ಜಾರದ್ದೊಂದು ಆರಿಸಿಕೊಂಡು ಕೈಗೆ ಹತ್ತುವಷ್ಟು ಅಭ್ಯಾಸ ಮಾಡುವುದು ಒಳ್ಳೆಯದು.