ಗೆದ್ದ ನೆಲವನ್ನು ಇಂದಿರಾ ಮರಳಿಸಿದ್ದೇಕೆ?

ಪಹಲ್ಗಾಮ್ ದಾಳಿಯ ಬೆನ್ನಲ್ಲೇ, 2025ರ ಏಪ್ರಿಲ್ 24ರಂದು, 1971ರ ಯುದ್ಧದ ಬಳಿಕ ಭಾರತದೊಂದಿಗೆ ಮಾಡಿಕೊಂಡಿದ್ದ 1972ರ ಶಿಮ್ಲಾ ಒಪ್ಪಂದವನ್ನೂ ಅಮಾನತಿನಲ್ಲಿಡುವ ಹಕ್ಕು ತನಗಿದೆ ಎಂದು ಪಾಕಿಸ್ತಾನ ಹೇಳಿತು. ಹಳೆಯ ಜಗಳವೊಂದು ಮತ್ತೆ ಎದ್ದು ಕೂತಿತು. 1971ರ ಡಿಸೆಂಬರಿನ ಬಾಂಗ್ಲಾ ಯುದ್ಧದಲ್ಲಿ ಅಮೆರಿಕದ ನೌಕಾಪಡೆಗೂ ಜಗ್ಗದ ಇಂದಿರಾ ಗಾಂಧಿ, ಆರೇಳು ತಿಂಗಳಲ್ಲಿ ಪಾಕ್ ಅಧ್ಯಕ್ಷ ಭುಟ್ಟೋ ಎದುರು ಮೆತ್ತಗಾದರೇ?

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಯಾಗಲಿ. ಪಾಕಿಸ್ತಾನದ 93 ಸಾವಿರ ಯುದ್ಧಕೈದಿಗಳನ್ನು ಶಿಮ್ಲಾದಲ್ಲಿ ಬಿಟ್ಟುಕೊಡಲಿಲ್ಲ. ಅವರು ಶರಣಾದದ್ದು ಭಾರತ ಮತ್ತು ಬಾಂಗ್ಲಾದೇಶದ ಜಂಟಿ ಪಡೆಗೆ. ಢಾಕಾದ ಒಪ್ಪಿಗೆಯಿಲ್ಲದೆ ಅವರನ್ನು ಕಳಿಸುವಂತಿರಲಿಲ್ಲ. ಅದು ತೀರ್ಮಾನವಾದದ್ದು 1973ರ ಆಗಸ್ಟಿನ ದೆಹಲಿ ಒಪ್ಪಂದದಲ್ಲಿ. ಶಿಮ್ಲಾದಲ್ಲಿ ಮರಳಿಸಲು ಒಪ್ಪಿದ್ದು ಪಶ್ಚಿಮದಲ್ಲಿ ಗೆದ್ದಿದ್ದ ಸುಮಾರು 13 ಸಾವಿರ ಚದರ ಕಿಲೋಮೀಟರ್ ನೆಲ. ಜನಸಂಘ ಇದನ್ನು ಕಟುವಾಗಿ ವಿರೋಧಿಸಿತು.

ಮಾತುಕತೆ ಶುರುವಾದದ್ದು 1972ರ ಜೂನ್ 28ಕ್ಕೆ. ಭಾರತದ ಪರ ಅಧಿಕಾರಿಗಳ ಮಟ್ಟದ ಮಾತುಕತೆ ನಡೆಸುತ್ತಿದ್ದ ಡಿ.ಪಿ. ಧರ್ ನಡುವೆ ಕಾಯಿಲೆ ಬಿದ್ದರು, ಹೊಣೆ ಇಂದಿರಾ ಅವರ ಆಪ್ತ ಸಲಹೆಗಾರ ಪಿ.ಎನ್. ಹಕ್ಸರ್ ಹೆಗಲಿಗೆ ಬಂತು. ಜುಲೈ 2ರ ಸಂಜೆಯ ಹೊತ್ತಿಗೆ ಎಲ್ಲವೂ ಮುರಿದುಬಿದ್ದಂತೆಯೇ ಇತ್ತು. ತಂದೆ ಭುಟ್ಟೋ ಜೊತೆ ಬಂದಿದ್ದ 19ರ ಬೆನಜೀರ್ ಮುಂದೆ ಬರೆದುಕೊಂಡ ಪ್ರಕಾರ, ಪಾಕ್ ನಿಯೋಗ ಒಂದು ಗುಟ್ಟಿನ ಸಂಕೇತ ಮಾಡಿಕೊಂಡಿತ್ತು: ಒಪ್ಪಂದವಾದರೆ ‘ಗಂಡುಮಗು’, ಮುರಿದರೆ ‘ಹೆಣ್ಣುಮಗು’. ರಾತ್ರಿ ಊಟದ ನಂತರ ಇಬ್ಬರು ನಾಯಕರೂ ಮತ್ತೆ ಮಾತಿಗೆ ಕೂತರು. ನಡುರಾತ್ರಿ ದಾಟಿದ ಮೇಲೆ ಬಾರ್ನ್ಸ್ ಕೋರ್ಟಿನಲ್ಲಿ ಸಹಿ ಬಿತ್ತು. ಆ ಮೇಜು ಇವತ್ತಿಗೂ ಅಲ್ಲೇ, ಹಿಮಾಚಲದ ರಾಜ್ಯಪಾಲರ ನಿವಾಸದಲ್ಲಿದೆ.

ಇಂದಿರಾ ಅಂಜಿದರು ಎಂಬ ಮಾತನ್ನು ನಾನು ಒಪ್ಪಲಾರೆ. ಏಪ್ರಿಲ್‌ನಲ್ಲೇ ಯುದ್ಧಕ್ಕೆ ಇಳಿಯಿರಿ ಎಂಬ ಒತ್ತಡವನ್ನು ತಡೆದು ಡಿಸೆಂಬರಿನವರೆಗೆ ಕಾದವರು ಅವರು. ಢಾಕಾ ಬಿದ್ದ ದಿನವೇ ಪಶ್ಚಿಮದಲ್ಲಿ ಕದನವಿರಾಮ ಘೋಷಿಸಿದವರೂ ಅವರೇ. ಎಲ್ಲಿ ನಿಲ್ಲಬೇಕೆಂಬುದು ಅವರಿಗೆ ಗೊತ್ತಿತ್ತು. ಮೊದಲ ಮಹಾಯುದ್ಧದ ಬಳಿಕ ಜರ್ಮನಿಯನ್ನು ಅವಮಾನಿಸಿದ ವರ್ಸೇಲ್ಸ್ ಒಪ್ಪಂದದ ಫಲ ಹಕ್ಸರ್ ಕಣ್ಣಮುಂದಿತ್ತು. ಭುಟ್ಟೋ ಬರಿಗೈಲಿ ಹೋದರೆ ಪಾಕಿಸ್ತಾನದಲ್ಲಿ ಸೇನೆಯೇ ಮತ್ತೆ ಗದ್ದುಗೆ ಏರೀತು ಎಂಬ ಲೆಕ್ಕವೂ ಇತ್ತು.

ಇಂದಿರಾ ಎಡವಿದ್ದು ಬೇರೆ ಕಡೆ. ಕಾಶ್ಮೀರದಲ್ಲಿ ಎರಡೂ ಸೇನೆಗಳನ್ನು ಬೇರ್ಪಡಿಸುವ ನಿಯಂತ್ರಣ ರೇಖೆಯನ್ನೇ ಕ್ರಮೇಣ ಗಡಿಯಾಗಿಸುವುದಾಗಿ ಭುಟ್ಟೋ ಬಾಯಿಮಾತಿನಲ್ಲಿ ಒಪ್ಪಿದ್ದರು ಎಂದು ಇಂದಿರಾ ಕಾರ್ಯದರ್ಶಿಯಾಗಿದ್ದ ಪಿ.ಎನ್. ಧರ್ 1995ರಲ್ಲಿ ಬರೆದರು. ಪಾಕಿಸ್ತಾನ ಅದನ್ನು ಒಪ್ಪುವುದಿಲ್ಲ. ಧರ್ ಹೇಳಿದ್ದು ನಿಜವಾದರೆ, ಅಷ್ಟು ದೊಡ್ಡ ಮಾತನ್ನು ಕಾಗದಕ್ಕಿಳಿಸದೆ ಬಿಟ್ಟದ್ದು ಸಣ್ಣ ತಪ್ಪಲ್ಲ. ಕೆಲವೇ ಆಪ್ತರ ನಡುವೆ ದೇಶದ ದೊಡ್ಡ ನಿರ್ಧಾರಗಳನ್ನು ಮುಗಿಸುವುದು ಅವರ ಸ್ವಭಾವ. ತುರ್ತು ಪರಿಸ್ಥಿತಿ ಹೇರಿದ 1975ರ ಜೂನ್ 25ರ ರಾತ್ರಿ ಅದೇ ಸ್ವಭಾವದ ಕರಾಳ ಮುಖವನ್ನು ದೇಶ ಕಂಡಿತು. ಇತ್ತ, ಮಾತು ಕೊಟ್ಟರೆನ್ನಲಾದ ಭುಟ್ಟೋ ಕೂಡ ಉಳಿಯಲಿಲ್ಲ. 1977ರಲ್ಲಿ ಸೇನಾ ಮುಖ್ಯಸ್ಥ ಜಿಯಾ ಭುಟ್ಟೋರನ್ನು ಕೆಳಗಿಳಿಸಿದರು, 1979ರಲ್ಲಿ ಭುಟ್ಟೋರನ್ನು ಗಲ್ಲಿಗೇರಿಸಲಾಯಿತು.

ಆದರೂ ಶಿಮ್ಲಾದಲ್ಲಿ ಎಲ್ಲವನ್ನೂ ಕೊಟ್ಟುಬಿಟ್ಟರೆನ್ನುವವರು ಲಡಾಖಿನ ತುರ್ತುಕ್ ಗ್ರಾಮವನ್ನು ಮರೆಯುತ್ತಾರೆ. ಜಮ್ಮು-ಕಾಶ್ಮೀರದ ಭಾಗದಲ್ಲಿ 1971ರ ಡಿಸೆಂಬರ್ 17ರಂದು ಯಾರ ಸೇನೆ ಎಲ್ಲಿತ್ತೋ ಅದೇ ನಿಯಂತ್ರಣ ರೇಖೆಯಾಯಿತು. ಹಾಗಾಗಿ ಶ್ಯೋಕ್ ನದಿಯ ದಡದ ಆ ಊರು ಭಾರತದಲ್ಲೇ ಉಳಿಯಿತು. ಅಲ್ಲಿನ ಎಷ್ಟೋ ಮನೆಗಳ ಅಣ್ಣತಮ್ಮಂದಿರು ಇಂದಿಗೂ ರೇಖೆಯ ಆಚೆಯ ಬಾಲ್ಟಿಸ್ತಾನದಲ್ಲಿದ್ದಾರೆ.